ಮೂರು ಹೆಜ್ಜೆಗೊಮ್ಮೆ ನಿಲ್ಲುವ ಗಂಟೆ

ನಮ್ಮ ಮನೆಯಲ್ಲಿ ಆಡು ಸಾಕಿರಲಿಲ್ಲ. ಆದರೂ ಬೆಳಗಿನಿಂದ ಬೈಗಿನ ತನಕ ಆಡಿನ ಗಂಟೆ ಕೇಳುತ್ತಲೇ ಇರುತ್ತಿತ್ತು. ಒಮ್ಮೆ ಅಡುಗೆಮನೆಯಲ್ಲಿ, ಒಮ್ಮೆ ಬಚ್ಚಲ ಕಡೆ, ಒಮ್ಮೆ ಮಾಳಿಗೆಯ ಮೇಲೆ. ಶಹಾಪುರದ ಬಜಾರಿನಲ್ಲಿ ಅಪ್ಪನದೊಂದು ಬಟ್ಟೆ ಅಂಗಡಿ. ಅಲ್ಲಿಯ ಗಿರಾಕಿ ಯಾರಾದರೂ ಮನೆಯ ತನಕ ಬಂದರೆ ಪಡಸಾಲೆಯಲ್ಲಿ ಕೂತು ಕಿವಿ ನಿಮಿರಿಸುತ್ತಿದ್ದರು.

“ಎಷ್ಟ ಆಡು ಸಾಕೀರಿ ಮನ್ಯಾಗ?”

“ಒಂದ ಅದರಿ. ಹೆಸರು ನೀಲಮ್ಮ. ರೊಟ್ಟಿ ಬಾಳ ಛಲೋ ಬಡೀತದ” ಎಂದು ನಾನು ಹೇಳುತ್ತಿದ್ದೆ.

ಒಳಗಿನಿಂದ ಗಂಟೆಯ ಒಡತಿಯ ದನಿ ಬರುತ್ತಿತ್ತು:

“ಹಾಲು ಕೊಡಂಗಿಲ್ಲ ಅಂತ ಅದನ್ನೂ ಹೇಳಿಬಿಡು, ಮಂಗ್ಯಾ.”

ನೀಲಮ್ಮ ನನ್ನ ಚಿಗವ್ವ. ಅಪ್ಪನ ತಮ್ಮ ಮಲ್ಲಪ್ಪ ಕಾಕಾನ ಹೆಂಡತಿ. ಮಂಗ್ಯಾ ಅಂದರೆ ನಾನು. ನನಗೊಂದು ಒಳ್ಳೆಯ ಹೆಸರೂ ಇತ್ತು. ಅದು ಸಾಲೆಯ ಹಾಜರಿ ಪುಸ್ತಕದಲ್ಲಿ ಸುಖವಾಗಿತ್ತು, ಯಾರೂ ಅದಕ್ಕೆ ತೊಂದರೆ ಕೊಡುತ್ತಿರಲಿಲ್ಲ. ಮನೆಯಲ್ಲಿ ಇನ್ನಿದ್ದವರು ಅಪ್ಪ, ಅವ್ವ, ಅಪ್ಪನ ತಾಯಿ ಆಯಿ. ಕಲ್ಲಿನ ಗೋಡೆ, ಮಣ್ಣಿನ ಮಾಳಿಗೆ, ನೆಲಕ್ಕೆ ಫರಸಿ. ಮುಂದೆ ಅಂಗಳ, ದಾಟಿದರೆ ಪಡಸಾಲೆ, ಪಡಸಾಲೆಯ ಎಡಕ್ಕೆ ಕಾಕಾನ ಕೋಣೆ, ಹಿಂದೆ ಅಡುಗೆಮನೆ. ಕಾಕಾನ ಕೋಣೆಯ ಬಾಗಿಲನ್ನು ಚಿಗವ್ವ ಕೀಳಿಸಿಹಾಕಿ ಅಲ್ಲಿ ತನ್ನ ಹಳೆಯ ಸೀರೆಯದೊಂದು ಪರದೆ ಬಿಟ್ಟಿದ್ದಳು. ಬಾಗಿಲಿದ್ದರೆ ಯಾರಾದರೂ ಒಂದು ದಿನ ಹೊರಗಿನಿಂದ ಅಗಳಿ ಹಾಕಿಯಾರು ಎಂಬುದು ಅವಳ ಲೆಕ್ಕ. ಮಾಳಿಗೆ ಹತ್ತಿದರೆ ಅಂಗಾತ ಮಲಗಿದ ಮನುಷ್ಯನಂತೆ ಕಾಣುವ ನಮ್ಮೂರ ಗುಡ್ಡ. ಚಿಗವ್ವ ಹಪ್ಪಳ ಒಣಹಾಕಲು ಹತ್ತಿದಾಗ ಅದರ ಕಡೆ ನೋಡಿ, “ಎಷ್ಟ ಆರಾಮ ಬಿದ್ಕೊಂಡಾನ ನೋಡು. ಅವನ ಹೆಂಡ್ತಿ ಯಾವ ಕಡಿ ನಿಂತು ಗಾಳಿ ಬೀಸಾಕತ್ತಾಳೋ” ಎನ್ನುತ್ತಿದ್ದಳು.

ನನಗಾಗ ಹತ್ತೋ ಹನ್ನೊಂದೋ ವಯಸ್ಸು. ನಿಜಾಮನ ಆಳ್ವಿಕೆ ಹೋಗಿ ಹೊಸ ಸರಕಾರ ಬಂದಿತ್ತು, ಆದರೆ ಅದು ಇನ್ನೂ ಹೊಸ ಅಂಗಿಯಂತೆ ಮೈಗೆ ಕೂಡದೆ ಎಲ್ಲರಿಗೂ ಕಂಕುಳಲ್ಲಿ ಹಿಡಿಯುತ್ತಿತ್ತು. ಸಾಲೆಯಲ್ಲಿ ಒಂದು ವರ್ಷ ಅಲಿಫ್ ಬೇ ತಿದ್ದಿದ್ದೆ, ಮರುವರ್ಷ ಅ ಆ ತಿದ್ದಿದೆ. ಎರಡು ಲಿಪಿಯಲ್ಲೂ ತಪ್ಪು ಬರೆಯಬಲ್ಲ ವಿದ್ವಾಂಸನಾದೆ. ಆದರೆ ನಕಲು ಮಾಡುವುದರಲ್ಲಿ ನನಗೆ ಯಾರೂ ಸಾಟಿ ಇರಲಿಲ್ಲ. ಮದ್ರಾಸಿನ ಕಡೆಯಿಂದ ಬಂದ ಹೊಸ ಸಾಹೇಬ ಬಾಯಲ್ಲಿ ಬಿಸಿ ಬದನೆಕಾಯಿ ಇಟ್ಟುಕೊಂಡವನಂತೆ ಕನ್ನಡ ಆಡುವುದನ್ನು, ಆಯಿ ಲಿಂಗಪೂಜೆಗೆ ಕೂತು ಕಣ್ಣು ಮುಚ್ಚಿಕೊಂಡೇ ಸೊಸೆಯರಿಗೆ ಒಗ್ಗರಣೆಯ ಅಳತೆ ಹೇಳುವುದನ್ನು, ಅಪ್ಪ ಗಿರಾಕಿ ರೇಟು ಕೇಳಿದ ಕೂಡಲೇ ಕೆಮ್ಮುವುದನ್ನು ಓಣಿಯ ಕಟ್ಟೆಯ ಮೇಲೆ ಮಾಡಿ ತೋರಿಸಿ ಶೇಂಗಾ ಗಳಿಸುತ್ತಿದ್ದೆ. ಬೇಡಿದರೆ ನನ್ನನ್ನೂ ಮಾಡಿ ತೋರಿಸುತ್ತಿದ್ದೆ: ಪಾಠ ಒಪ್ಪಿಸಲು ನಿಂತಾಗ ಮೊಣಕಾಲು ಒಂದಕ್ಕೊಂದು ಬಡಿದುಕೊಳ್ಳುವ ಮಂಗ್ಯಾ. ಚಿಗವ್ವನೊಬ್ಬಳನ್ನು ಮಾತ್ರ ಹಿಡಿಯಲು ಆಗಿರಲಿಲ್ಲ. ನಕಲಿಗೆ ಒಂದು ಕೊಂಕು ಬೇಕು, ಜೋತುಬೀಳಲು ಒಂದು ಗೂಟ ಬೇಕು. ಅವಳಲ್ಲಿ ಗಂಟೆ ಬಿಟ್ಟರೆ ನನಗೆ ಬೇರೇನೂ ಸಿಕ್ಕಿರಲಿಲ್ಲ.

ಆ ಗಂಟೆ ಅವಳ ಸೊಂಟಕ್ಕೆ ಬಂದ ಕತೆ ಹೇಳಬೇಕಾದರೆ ಕಾಕಾನ ಕತೆ ಹೇಳಬೇಕು. ಕಾಕಾ ಸುರಪುರದ ಕಚೇರಿಯಲ್ಲಿ ಮುನ್ಶಿಯಾಗಿದ್ದ. ಅವನ ಉರ್ದು ಬರವಣಿಗೆ ನೋಡಲೆಂದೇ ಜನ ಅರ್ಜಿ ಕೊಡುತ್ತಿದ್ದರು ಎಂದು ಅಪ್ಪ ಹೇಳುತ್ತಿದ್ದ. ಅಪ್ಪನ ಮಾತಿನಲ್ಲಿ ಗಜಕ್ಕೆ ಎರಡು ಗಿರೆ ಕಡಿತ ಹಾಕಿಕೊಂಡರೂ ಅದು ನಿಜವೇ ಇರಬೇಕು. ರಜಾಕಾರರ ಗಲಾಟೆ ಜೋರಾದಾಗ ಒಂದು ಮಧ್ಯಾಹ್ನ ನಮ್ಮ ಓಣಿಯೆಲ್ಲ ಸಿಕ್ಕ ಗಾಡಿ ಹತ್ತಿ ಗಡಿಯಾಚೆ ಬಿಜಾಪುರ ಸೀಮೆಗೆ ಹೊರಟಿತು. ನಾವೂ ಹೊರಟೆವು. ಸುರಪುರದಲ್ಲಿದ್ದ ಕಾಕಾನಿಗೆ ಸುದ್ದಿ ಕಳಿಸಲು ಯಾರಿಗೂ ಆಗಲಿಲ್ಲ. ಚಿಗವ್ವ ಗಾಡಿ ಹತ್ತಲು ಒಪ್ಪಲಿಲ್ಲವಂತೆ, ಅಪ್ಪ ರಟ್ಟೆ ಹಿಡಿದು ಹತ್ತಿಸಿದನಂತೆ. ಮೂರನೆಯ ದಿನ ಕಾಕಾ ಮನೆಗೆ ಬಂದಾಗ ಬಾಗಿಲು ತೆರೆದಿತ್ತು, ಹಂಚಿನ ಮೇಲೆ ಒಂದು ರೊಟ್ಟಿ ಒಣಗಿ ಸೆಟೆದಿತ್ತು, ಓಣಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ನಾವು ತಿರುಗಿ ಬರುವವರೆಗೆ, ತಿಂಗಳ ಮೇಲೆ, ಅವನು ಆ ಮನೆಯಲ್ಲಿ ಒಬ್ಬನೇ ಇದ್ದ. ಬಂದಾಗ ಅವನು ನಮ್ಮನ್ನು ನೋಡಿ ಸಂತೋಷಪಡಲಿಲ್ಲ, ಸಿಟ್ಟಾಗಲಿಲ್ಲ. ಒಬ್ಬೊಬ್ಬರನ್ನೇ ಮುಟ್ಟಿ ನೋಡಿದನಷ್ಟೆ.

ಅಲ್ಲಿಂದ ಶುರುವಾದದ್ದು ಮತ್ತೆ ಪೂರ್ತಿ ನಿಲ್ಲಲಿಲ್ಲ. ಮನೆ ಸ್ವಲ್ಪ ಹೊತ್ತು ಸದ್ದಿಲ್ಲದೆ ಇತ್ತೆಂದರೆ ಕಾಕಾನಿಗೆ ಎಲ್ಲರೂ ಬಿಟ್ಟುಹೋದರು ಅನ್ನಿಸುತ್ತಿತ್ತು. ಎದ್ದು ಕೋಣೆ ಕೋಣೆ ಹುಡುಕುತ್ತಿದ್ದ, ಎದುರಿಗಿದ್ದವರೂ ಅವನಿಗೆ ಕಾಣುತ್ತಿರಲಿಲ್ಲ, ಹುಡುಕುತ್ತ ಹುಡುಕುತ್ತ ಹೊರಗೆ ನಡೆದುಬಿಡುತ್ತಿದ್ದ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅನ್ನುತ್ತಿದ್ದ. ವಾರಗಟ್ಟಲೆ ಸ್ನಾನ ಬೇಡ, ಊಟ ಬೇಡ. ಯಾಕೆ ಹೀಗಾಯಿತು ಎಂಬುದಕ್ಕೆ ಮನೆಯಲ್ಲಿ ತಲೆಗೊಂದು ಉತ್ತರ. ಆಯಿಗೆ ಅದು ಗಾಳಿ ಸೋಂಕು. ಅವ್ವನಿಗೆ ದೃಷ್ಟಿ. ಅಪ್ಪನಿಗೆ ಉರ್ದು ಹೋಗಿ ನೌಕರಿ ಹೋದ ದುಃಖ. ಆ ಖಾಲಿ ಮನೆಯ ಮಾತನ್ನು ಅಪ್ಪ ಎಂದೂ ಎತ್ತುತ್ತಿರಲಿಲ್ಲ. ಓಣಿಯ ಹೆಂಗಸೊಬ್ಬಳು ಚಿಗವ್ವನನ್ನೇ ಕೇಳಿದಳು, ನಿನಗೇನು ಅನ್ನಿಸುತ್ತದೆ ಎಂದು.

“ಯಾಕ ಆತು ಅಂತ ವಿಚಾರ ಮಾಡಾಕ ನೀವೆಲ್ಲಾ ಅದೀರಿ. ನನಗೆಲ್ಲಿ ಪುರುಸೊತ್ತು? ಇವತ್ತ ಅವರು ಎರಡು ರೊಟ್ಟಿ ಉಂಡಾರ. ನನ್ನ ಸುದ್ದಿ ಅಷ್ಟ.”

ಮೊದಲ ವರ್ಷ ಹಿರಿಯರ ಮಾತಿಗೆ ಕಟ್ಟುಬಿದ್ದು ಅವಳು ಕಾಕಾನನ್ನು ಸುರಪುರದ ಆಚೆ ಒಂದು ಊರಿಗೆ ಕರೆದೊಯ್ದಿದ್ದಳಂತೆ. ಅಲ್ಲಿ ಇಂಥವರನ್ನು ನಲವತ್ತು ದಿನ ಕಂಬಕ್ಕೆ ಕಟ್ಟುತ್ತಿದ್ದರು, ಗುಣವಾಗುತ್ತದೆ ಎಂದು ಜನ ನಂಬಿದ್ದರು. ಚಿಗವ್ವ ಅಲ್ಲಿದ್ದವರ ಮಣಿಕಟ್ಟು ನೋಡಿದಳು, ಅದೇ ಗಾಡಿಯಲ್ಲಿ ಅದೇ ದಿನ ತಿರುಗಿ ಬಂದಳು. ಏನಾಯಿತು ಎಂದು ಕೇಳಿದ್ದಕ್ಕೆ “ನೋಡಿ ಬಂದೆ” ಎಂದಳು. ಮುಂದೆ ಆ ಮಾತು ಬಂದಾಗಲೆಲ್ಲ ಎದ್ದು ಅಡುಗೆಮನೆಗೆ ಹೋಗುತ್ತಿದ್ದಳು.

ನಮ್ಮ ಮನೆಯ ಹಿಂದೆ ಬೀರಪ್ಪ ಎಂಬ ಕುರುಬನ ದೊಡ್ಡಿ ಇತ್ತು. ಕಾಕಾ ಎರಡು ಸಲ ತಪ್ಪಿಸಿಕೊಂಡು ಹೋದ ಮೇಲೆ ಆಯಿ ಅವನ ಬಳಿ ಒಂದು ಗಂಟೆ ಕೇಳಲು ಹೋದಳು. ಮಗನ ಕೊರಳಿಗೆ ಕಟ್ಟುವ ಯೋಚನೆ. ತಪ್ಪಿಸಿಕೊಂಡರೆ ಸದ್ದು ಕೇಳಿ ಹಿಡಿದು ತರಬಹುದಲ್ಲ! ಬೀರಪ್ಪ ಗಂಟೆ ಕೊಟ್ಟು ನಕ್ಕುಬಿಟ್ಟ.

“ಆಯಿ, ತಪ್ಪಿಸ್ಕೊಳ್ಳೋ ಕುರಿಗಿ ಯಾರ ಗಂಟಿ ಕಟ್ತಾರ? ಗಂಟಿ ಕಟ್ಟೋದು ಮುಂದ ನಡ್ಯೋ ಆಡಿಗಿ. ಅದರ ಸಪ್ಪಳ ಕಿವಿಗಿ ಬೀಳಾಕತ್ತಿದ್ರ ಸಾಕು, ಉಳಿದಾವು ತಣ್ಣಗ ಮೇಯತಾವ. ಸಪ್ಪಳ ನಿಂತ್ರ ನೋಡ್ರಿ, ಆಗ ಚೆಲ್ಲಾಪಿಲ್ಲಿ.”

ಆಯಿಯ ಜೊತೆ ಹೋಗಿದ್ದ ಚಿಗವ್ವ ಇದನ್ನು ಕೇಳಿಸಿಕೊಂಡಳು. ಗಂಟೆಯನ್ನು ಆಯಿಯ ಕೈಯಿಂದ ತೆಗೆದುಕೊಂಡು ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ನಡೆದಳು. ಅಂದಿನಿಂದ ಅವಳು ಎಲ್ಲಿದ್ದಾಳೆಂಬುದು ಕಾಕಾನಿಗೆ ತನ್ನ ಕೋಣೆಯಲ್ಲಿ ಕೂತೇ ತಿಳಿಯುತ್ತಿತ್ತು. ಅವನು ಹಾಸಿಗೆಯ ಮೇಲೆ ಕೂತು ಬೆರಳಿನಿಂದ ಫರಸಿಯ ಮೇಲೆ ಉರ್ದು ಅಕ್ಷರ ಬರೆಯುತ್ತ ಇರುತ್ತಿದ್ದ. ಊರು ನಕ್ಕಿತು. ಊರಿಗೆ ಮೊದಲು ಚಿಗವ್ವನೇ ನಕ್ಕುಬಿಟ್ಟದ್ದರಿಂದ ಊರಿನ ನಗೆ ಬೇಗ ಹಳತಾಯಿತು.

ಅವಳ ದಿನವನ್ನು ಈಗ ನೆನೆದರೆ ನನಗೆ ಸುಸ್ತಾಗುತ್ತದೆ. ಸ್ನಾನಕ್ಕೆ ಕೂತರೆ ಗಂಟೆಯನ್ನು ಕಾಲಿನ ಹೆಬ್ಬೆರಳಿಗೆ ಕಟ್ಟಿಕೊಂಡು ಅಲ್ಲಾಡಿಸುತ್ತಲೇ ಮೈತೊಳೆಯುತ್ತಿದ್ದಳು. ಬೀಸುವಾಗ ಮಾತ್ರ ಕಲ್ಲಿನ ಸದ್ದೇ ಸಾಕು, ಆಗ ಗಂಟೆಗೂ ಅವಳ ಸೊಂಟಕ್ಕೂ ಬಿಡುವು. ಅದಕ್ಕೇ ಅವಳಿಗೆ ಬೀಸುವುದೆಂದರೆ ಪ್ರೀತಿ, ಓಣಿಯವರ ಜೋಳವನ್ನೂ ಬೀಸಿಕೊಡುತ್ತಿದ್ದಳು. ಊಟ ನಿಂತೇ. ಎಡಗೈಯಲ್ಲಿ ರೊಟ್ಟಿ, ಅದರ ಮೇಲೆ ಪುಂಡಿಪಲ್ಲೆ, ನಡೆಯುತ್ತ ನಡೆಯುತ್ತ ಮುಗಿಸುತ್ತಿದ್ದಳು. ರಾತ್ರಿ ಗಂಟೆ ಮಣಿಕಟ್ಟಿಗೆ ಹೋಗುತ್ತಿತ್ತು. ಕಾಕಾನಿಗೆ ಉಣಿಸುವಾಗ ಅವನು ತಟ್ಟೆ ನೂಕಿದರೆ, “ಬ್ಯಾಡಾ? ಹಂಗಾದ್ರ ಅರ್ಜಿ ಬರದು ಕೊಡ್ರಿ, ಮಂಜೂರ ಮಾಡ್ತೀನಿ” ಎನ್ನುತ್ತಿದ್ದಳು. ಎಷ್ಟೋ ದಿನ ಆ ಮಾತಿಗೆ ಅವನು ನಕ್ಕು ಬಾಯಿ ತೆರೆದದ್ದುಂಟು. ಅವಳ ತವರು ಬಳಿಚಕ್ರ, ಯಾದಗಿರಿ ದಾಟಿದರೆ ಬಂತು. ಅಪ್ಪ ರೈಲಿಗೆ ಬಂದ ಬಟ್ಟೆಯ ಗಂಟು ತರಲು ಯಾದಗಿರಿ ಸ್ಟೇಷನ್ನಿಗೆ ತಿಂಗಳಿಗೊಮ್ಮೆ ಹೋಗುತ್ತಿದ್ದ. ಪ್ರತಿ ಸಲವೂ ಅವ್ವ, “ಹೋಗಿ ಬಾ ನೀಲಾ, ಎರಡ ದಿನ ನಾ ನೋಡ್ಕೋತೀನಿ” ಎನ್ನುತ್ತಿದ್ದಳು. ಚಿಗವ್ವ, “ಮುಂದಿನ ಸಲ” ಎನ್ನುತ್ತಿದ್ದಳು. ಅವಳ ತಂಗಿಯ ಮದುವೆಯೂ ಒಂದು ಮುಂದಿನ ಸಲಕ್ಕೆ ಹೋಯಿತು.

ಆ ಬೇಸಿಗೆಯಲ್ಲಿ ನಾನು ಮಾಡಿದ ಘನಕಾರ್ಯವನ್ನು ಈಗ ಹೇಳಲೇಬೇಕು. ಅಂದು ನಮ್ಮ ಅಂಗಳದಲ್ಲಿ ಶಾವಿಗೆ. ಓಣಿಯ ಹೆಂಗಸರೆಲ್ಲ ಮಣೆ ತಂದು ಕೂತಿದ್ದರು. ಒಳಗೆ ಚಿಗವ್ವ ಬೀಸುತ್ತಿದ್ದಳು. ಕೈ ಹೊಸೆಯುತ್ತ ಹೊಸೆಯುತ್ತ ಬೇಸರವಾದ ಹೆಂಗಸರಿಗೆ ನನ್ನ ನೆನಪಾಯಿತು. ಸಾಹೇಬ ಆಯಿತು, ಆಯಿ ಆಯಿತು. ಅಪ್ಪನ ಕೆಮ್ಮಿಗೆ ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಆಗ ಒಬ್ಬಳು, “ಎಲ್ಲಾರನ್ನೂ ಮಾಡಿದಿ, ನಿಮ್ಮ ಚಿಗವ್ವನ್ನ ಮಾಡಿ ತೋರ್ಸು, ಆಗ ನೀ ಖರೇ ಹುಡುಗ ಅಂತೀನಿ” ಎಂದಳು. ಇಂಥ ಮಾತಿಗೆ ನಾನು ಬಾವಿಗೂ ಹಾರುತ್ತಿದ್ದೆ. ಹಿಂದಿನ ದೊಡ್ಡಿಗೆ ಓಡಿ ಬೀರಪ್ಪನ ಮುಂದಾಡಿನ ಕೊರಳಿಂದ ಗಂಟೆ ಬಿಚ್ಚಿ ತಂದೆ, ಚಡ್ಡಿಯ ಲಾಡಿಗೆ ಕಟ್ಟಿದೆ, ಅವ್ವನ ಸೀರೆಯೊಂದನ್ನು ತಲೆಗೆ ಹೊದ್ದು ನಡೆಯತೊಡಗಿದೆ.

ನಡೆದಾಗ ಕಾಲು ತಾನೇ ಕಂಡುಹಿಡಿಯಿತು. ಒಂದು, ಎರಡು, ಮೂರು ಹೆಜ್ಜೆ. ನಿಲ್ಲು. ತುಸು ಎಡಕ್ಕೆ ಕತ್ತು. ಮತ್ತೆ ಒಂದು, ಎರಡು, ಮೂರು. ನಿಲ್ಲು. ಕತ್ತು. ಇಷ್ಟು ವರ್ಷ ಕಣ್ಣ ಮುಂದೆಯೇ ಇದ್ದು ಯಾರಿಗೂ ಕಾಣದಿದ್ದ ಅವಳ ನಡಿಗೆ ಅದೇ ಆಗಿತ್ತು. ಹೆಂಗಸರು ನಕ್ಕು ನಕ್ಕು ಹಿಟ್ಟಿನ ಕೈಯಲ್ಲೇ ಕಣ್ಣೊರೆಸಿಕೊಂಡರು. “ಅಯ್ಯೋ ಥೇಟ್ ನೀಲಾ! ನೀಲಾನ ಬಂದಂಗಾತು!” ನಾನು ಹುರುಪಿನಲ್ಲಿ ಅಂಗಳ ದಾಟಿ, ಓಣಿಯುದ್ದಕ್ಕೂ ಅದೇ ನಡಿಗೆಯಲ್ಲಿ ಹೋಗಿ, ಸುತ್ತು ಹಾಕಿ ದೊಡ್ಡಿಗೆ ಬಂದು, ಬೀರಪ್ಪ ನೋಡುವ ಮೊದಲು ಗಂಟೆಯನ್ನು ಆಡಿನ ಕೊರಳಿಗೆ ತಿರುಗಿ ಕಟ್ಟಿದೆ. ಬಿಸಿಲು ಇಳಿಯುವ ಹೊತ್ತು, ಅವನು ತಂಪಿನಲ್ಲಿ ಮೇಯಿಸಲು ಮಂದೆ ಹೊಡೆದುಕೊಂಡು ಗೋಗಿ ಊರಿನ ದಾರಿ ಹಿಡಿದ. ನಾನು ಶೇಂಗಾ ವಸೂಲಿಗೆ ಅಂಗಳಕ್ಕೆ ಬಂದೆ.

ಬೀಸುವ ಕಲ್ಲು ನಿಂತಿತು. ಚಿಗವ್ವ ಹಿಟ್ಟಿನ ಬುಟ್ಟಿ ಎತ್ತಿಕೊಂಡು ಹೊರಗೆ ಬಂದಳು, ಮೂರು ಹೆಜ್ಜೆ ಇಟ್ಟು ನಿಂತಳು, ಕತ್ತು ಎಡಕ್ಕೆ ತಿರುಗಿಸಿದಳು. ಬುಟ್ಟಿ ಕೆಳಗಿಟ್ಟು ಪರದೆ ಸರಿಸಿದಳು. ಕೋಣೆ ಖಾಲಿ. ಒಬ್ಬ ಮುದುಕಿ ನನ್ನ ಲಾಡಿಯ ಕಡೆ ನೋಡಿದಳು, ಚಿಗವ್ವನೂ ನೋಡಿದಳು. ಕಾಕಾ ಗಂಟೆಯ ಹಿಂದೆ ಹೋಗಿದ್ದ. ಮೊದಲು ನನ್ನ ಗಂಟೆಯ ಹಿಂದೆ, ಆಮೇಲೆ ಆಡಿನ ಗಂಟೆಯ ಹಿಂದೆ. ನಗೆಯ ಗದ್ದಲದಲ್ಲಿ ಅವನು ಅಂಗಳ ದಾಟಿದ್ದು ಯಾರ ಕಣ್ಣಿಗೂ ಬಿದ್ದಿರಲಿಲ್ಲ.

ಚಪ್ಪಲಿ ಮೆಟ್ಟದೆ ಅವಳು ಓಡಿದಳು, ಹಿಂದೆ ನಾನು. ಗೋಗಿ ದಾರಿಯಲ್ಲಿ ಬಹಳ ದೂರ ಹೋದ ಮೇಲೆ ಧೂಳು ಕಂಡಿತು. ಧೂಳಿನಲ್ಲಿ ಕುರಿ, ಕುರಿಗಳ ನಡುವೆ ಕಾಕಾ. ತಣ್ಣಗೆ ನಡೆಯುತ್ತಿದ್ದ, ಕೈಯನ್ನು ಒಂದು ಕುರಿಯ ಬೆನ್ನ ಮೇಲೆ ಇಟ್ಟಿದ್ದ. ಅಷ್ಟು ನಿರಾಳವಾದ ಮುಖವನ್ನು ನಾನು ಅವನಲ್ಲಿ ಕಂಡಿರಲಿಲ್ಲ. ಮುಂದೆ ನಡೆಯುತ್ತಿದ್ದ ಬೀರಪ್ಪನಿಗೆ ಹಿಂದೆ ಇಂಥದೊಂದು ಕುರಿ ಕೂಡಿಕೊಂಡದ್ದು ಗೊತ್ತೇ ಇರಲಿಲ್ಲ. ಚಿಗವ್ವ ಕೂಗಲಿಲ್ಲ, ರಟ್ಟೆ ಹಿಡಿಯಲಿಲ್ಲ. ಮಂದೆಯೊಳಗೆ ಸೇರಿ ಅವನ ಪಕ್ಕದಲ್ಲಿ ಸ್ವಲ್ಪ ದೂರ ನಡೆದಳು. ಆಮೇಲೆ ಮೆಲ್ಲಗೆ ತಿರುಗಿದಳು, ಅವನೂ ತಿರುಗಿದ. ಹಿಂದೆ ಬರುತ್ತಿದ್ದ ನನಗೆ ಅವಳ ಅಂಗಾಲು ಕಾಣುತ್ತಿತ್ತು. ಜಾಲಿಮುಳ್ಳು ಚುಚ್ಚಿ ಎರಡೂ ಪಾದ ಕೆಂಪಾಗಿದ್ದವು.

ಮನೆಯಲ್ಲಿ ಅಪ್ಪ ಕಾದಿದ್ದ. ಮೊದಲು ನನಗೆ ಎರಡು ಬಿಗಿದ. ಅದರ ಬಗ್ಗೆ ನನ್ನ ತಕರಾರಿಲ್ಲ. ಆಮೇಲೆ ಪಡಸಾಲೆಯಲ್ಲಿ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ:

“ಸಾಕು ಇನ್ನ. ನಾಳಿಗಿ ಬಿಟ್ಟು ನಾಡದ ಗಾಡಿ ಹೇಳೀನಿ. ಸುರಪುರದ ಆಚಿಗಿ ಬಿಟ್ಟು ಬರ್ತೀನಿ. ನಲವತ್ತ ದಿನದ ಮಾತು. ಹಿಂಗ ಬಿಟ್ರ ಒಂದಿನ ಅವನೂ ಹೋಗ್ತಾನ, ಈಕಿನೂ ಹೋಗ್ತಾಳ.”

ಭಾವನ ಎದುರು ಚಿಗವ್ವ ಎಂದೂ ಮಾತಾಡಿದವಳಲ್ಲ. ಹೇಳುವುದಿದ್ದರೆ ನನ್ನ ಮುಂದಿಟ್ಟುಕೊಂಡು “ನಿಮ್ಮಪ್ಪಗ ಹೇಳೋ ಮಂಗ್ಯಾ” ಎನ್ನುತ್ತಿದ್ದಳು. ಅಂದು ತಲೆಯ ಸೆರಗು ಸರಿಮಾಡಿಕೊಂಡು ನೇರ ಅವನನ್ನೇ ನೋಡಿದಳು.

“ಭಾವ್ರಿ, ಒಮ್ಮಿ ಅವರನ್ನ ಬಿಟ್ಟು ಹೋಗೀವಿ. ನನ್ನ ರಟ್ಟಿ ಹಿಡದು ಗಾಡಿ ಹತ್ತಿಸಿದ್ರಿ, ನಾನೂ ಹತ್ತಿದೆ. ತಪ್ಪು ನಿಮ್ಮದಷ್ಟ ಅಲ್ಲ. ಆದ್ರ ಇನ್ನೊಮ್ಮಿ ನಾ ಗಾಡಿ ಹತ್ತಂಗಿಲ್ಲ.”

ಅಪ್ಪ ಕೆಮ್ಮಲು ಹೋದ, ಕೆಮ್ಮು ಬರಲಿಲ್ಲ. ಮನೆ ಒಂದು ಕ್ಷಣ ಸದ್ದಿಲ್ಲದಾಯಿತು. ಚಿಗವ್ವ ಸೊಂಟದ ಗಂಟೆಯನ್ನು ಕೈಯಿಂದ ಅಲ್ಲಾಡಿಸಿ, ನನ್ನ ಕಡೆ ತಿರುಗಿದಳು. ಈಗ ಮೂರನೆಯದು ಬೀಳುತ್ತದೆ ಎಂದು ನಾನು ಕೆನ್ನೆ ಮುಚ್ಚಿಕೊಂಡೆ.

“ಏನ್ ಮಾಡಿ ತೋರ್ಸಿದಿಪಾ ಎಲ್ಲಾರಿಗೂ? ನಾನೂ ಜರಾ ನೋಡ್ತೀನಿ, ಮಾಡು.”

ಎಲ್ಲರ ಎದುರು, ಗಂಟೆ ಇಲ್ಲದೆ, ಮೂಗು ಸೊರ್ರ್ ಎನ್ನಿಸುತ್ತ ನಾನು ನಡೆದೆ. ಒಂದು, ಎರಡು, ಮೂರು. ನಿಂತೆ. ಕತ್ತು ಎಡಕ್ಕೆ. ಪಡಸಾಲೆಯ ಆ ಗೋಡೆ ಮುಟ್ಟಿ ತಿರುಗಿ ಬಂದೆ.

“ಮೂರ ಹೆಜ್ಜಿಗೊಮ್ಮಿ ಯಾಕ ನಿಂದರತಿ?”

“ನೀ ನಿಂದರತಿ, ಚಿಗವ್ವ. ಕಾಕಾನ ಸಪ್ಪಳ ಕೇಳ್ತಿ.”

“ನಾನಾ?” ಎಂದು ಅವಳು ಆಯಿಯ ಮುಖ ನೋಡಿದಳು, ಅವ್ವನ ಮುಖ ನೋಡಿದಳು. ಗೊತ್ತಿರಲಿಲ್ಲ ಅವಳಿಗೆ. ಗಂಟೆ ಕಾಕಾ ಕೇಳಲಿ ಎಂದು ಕಟ್ಟಿಕೊಂಡದ್ದು. ಅವಳು ಅವನನ್ನು ಕೇಳುತ್ತಿದ್ದದ್ದಕ್ಕೆ ಗಂಟೆಯೇ ಇರಲಿಲ್ಲ, ನಾಲ್ಕು ವರ್ಷದಿಂದ ನಾಲ್ಕು ಹೆಜ್ಜೆ ಕೂಡಿಸಿ ನಡೆದಿರಲಿಲ್ಲ ಅವಳು. ಅಪ್ಪ ಅವಳ ಪಾದ ನೋಡಿದ, ನನ್ನ ಪಾದ ನೋಡಿದ, ಅಂಗಡಿಗೆ ಹೋದ. ಗಾಡಿ ಬೇಡ ಎಂದು ಮಾತ್ರ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಚಿಗವ್ವ ಏಳಲಿಲ್ಲ. ಪಾದ ಬಾತು ಮೈ ಕೆಂಡದಂತೆ ಸುಡುತ್ತಿತ್ತು. ಅವ್ವ ಅವಳನ್ನು ಜೋಳ ತುಂಬುವ ಹಗೇವಿನ ಪಕ್ಕದ ತಂಪು ಮೂಲೆಯಲ್ಲಿ ಮಲಗಿಸಿ ತಲೆಗೆ ಒದ್ದೆ ಬಟ್ಟೆ ಹಾಕಿದಳು. ಗಂಟೆ ಗೂಟಕ್ಕೆ ಹೋಯಿತು. ಸ್ವಲ್ಪ ಹೊತ್ತಿನಲ್ಲೇ ಪರದೆಯ ಆಚೆ ಕಾಕಾ ಎದ್ದದ್ದು ಕೇಳಿಸಿತು. “ಹೋದ್ರು. ಎಲ್ಲಾರೂ ಹೋದ್ರು.” ಆಯಿ ಗಂಟೆ ಕಟ್ಟಿಕೊಂಡು ಅಡ್ಡಾಡಿದಳು. ಅವಳದು ಪುಟುಪುಟು ನಡಿಗೆ, ಗಂಟೆ ಕುದುರೆಗಾಡಿಯಂತೆ ಬಡಿದುಕೊಂಡಿತು. “ಇದು ನಮ್ಮವ್ವ. ನೀಲಾ ಎಲ್ಲಿ?” ಎಂದ ಕಾಕಾ. ಆಮೇಲೆ ನನ್ನ ಅವ್ವ ಕಟ್ಟಿಕೊಂಡಳು. “ವೈನಿ ನೀವು. ನೀಲಾ ಎಲ್ಲಿ?” ಅಷ್ಟರಲ್ಲಿ ಅಪ್ಪ ಅಂಗಡಿಯಿಂದ ಬಂದ. ಅವನ ಕೈಯಲ್ಲಿ ಗೋಣಿಯಲ್ಲಿ ಸುತ್ತಿದ್ದ ಏನೋ ಇತ್ತು. ಕೆಳಗಿಟ್ಟಾಗ ಫರಸಿಯ ಮೇಲೆ ಕಬ್ಬಿಣದ ಸದ್ದಾಯಿತು. ಸರಪಳಿ. ಗಾಡಿಯ ದಾರಿಯಲ್ಲಿ ಬೇಕಾದೀತೆಂದು ತಂದದ್ದು. ಆ ಸದ್ದಿಗೆ ಕಾಕಾ ಪರದೆ ಹಿಡಿದು ನಡುಗತೊಡಗಿದ. ಒಳಗೆ ಚಿಗವ್ವ ಏಳಲು ಹೋಗಿ ಬಿದ್ದಳು.

ನಾನು ಅವ್ವ ಬಿಚ್ಚಿಹಾಕಿದ್ದ ಗಂಟೆ ಎತ್ತಿಕೊಂಡೆ.

ಈ ಸಲ ಸೀರೆ ಹೊದೆಯಲಿಲ್ಲ, ನೋಡಿ ನಗುವವರೂ ಇರಲಿಲ್ಲ. ಅಡುಗೆಮನೆಯಿಂದ ಬಚ್ಚಲಿಗೆ, ಬಚ್ಚಲಿನಿಂದ ಅಡುಗೆಮನೆಗೆ, ಮೂರು ಹೆಜ್ಜೆ ಇಟ್ಟು ನಿಂತು. ಮೊದಲ ನಾಲ್ಕು ಸುತ್ತು ಬರೀ ನಕಲು. ಅಂಗಳದಲ್ಲಿ ಮಾಡಿದ್ದನ್ನೇ ಮಾಡಿದೆ, ಕಾಕಾನ ನಡುಕ ಇಳಿಯಲಿಲ್ಲ. ಐದನೆಯ ಸುತ್ತಿಗೆ ನನಗೇ ಭಯವಾಯಿತು. ಅವನು ಹೊರಗೆ ನಡೆದುಬಿಟ್ಟರೆ? ಮೂರನೆಯ ಹೆಜ್ಜೆಗೆ ನಿಂತು ನಿಜವಾಗಿಯೂ ಕಿವಿಗೊಟ್ಟೆ. ಉಸಿರು ಕೇಳಿಸಿತು. ಮತ್ತೆ ಮೂರು ಹೆಜ್ಜೆ. ಪರದೆಯ ಸರ್ ಸರ್ ಸದ್ದು. ಮತ್ತೆ ಮೂರು. ಹಾಸಿಗೆಯ ಮೇಲೆ ಅವನು ಕೂತ ಸದ್ದು. ನಡಿಗೆ ಸರಿಯಾದದ್ದು ಕಾಲಿನಿಂದಲ್ಲ, ಆ ನಿಲುವಿನಿಂದ. ಹೊಟ್ಟೆಯಲ್ಲಿ ಫಿಕರ್ ಇಲ್ಲದೆ ನಿಂತರೆ ಅದು ಚಿಗವ್ವನ ನಿಲುವಲ್ಲ. ಬಿಸಿಲು ಅಂಗಳದ ನಡುವಿಗೆ ಬರುವಷ್ಟರಲ್ಲಿ ನನ್ನ ಮೊಣಕಾಲು ಪಾಠ ಒಪ್ಪಿಸುವಾಗಿನಂತೆ ಬಡಿದುಕೊಳ್ಳುತ್ತಿದ್ದವು. ಒಂದು ಬೆಳಗಿಗೇ ಈ ಪಾಡು! ಅವಳದು ನಾಲ್ಕು ವರ್ಷ, ಅದೂ ರೊಟ್ಟಿ ಬಡಿದು, ನೀರು ಸೇದಿ, ನನ್ನಂಥವನ ಮಾತಿಗೆ ಮರುಮಾತು ಕೊಟ್ಟು. ಅವಳನ್ನು ನಾನು ಅಷ್ಟು ಮೆಚ್ಚಿದ್ದು ಅಂದೇ ಮೊದಲು. ಕಾಲು ನೋಯದೆ ಮೆಚ್ಚುವುದು ನನಗೆ ಗೊತ್ತಿರಲಿಲ್ಲ.

ಪರದೆಯ ಮುಂದೆ ಹಾಯುವಾಗ ಕಾಕಾ ಒಳಗಿನಿಂದ ಮಾತಾಡಿದ. ಮೆಲ್ಲಗೆ, ಕಚೇರಿಗೆ ಹೋಗುತ್ತಿದ್ದ ಕಾಲದ ದನಿಯಲ್ಲಿ. ಅವನು ಆಡಿದ ಮಾತನ್ನು ಆಮೇಲೆ ಹೇಳುತ್ತೇನೆ. ಅದನ್ನು ಕೇಳಿ ನಾನು ಅಲ್ಲೇ ಫರಸಿಯ ಮೇಲೆ ಕೂತೆ. ಗಂಟೆ ನಿಂತಿತು. ಆಯಿ ಬಾಯಿಗೆ ಕೈ ಹಿಡಿದಳು, ಅಪ್ಪ ಎದ್ದು ನಿಂತ. ಕಾಕಾ ಏಳಲಿಲ್ಲ. ಫರಸಿಯ ಮೇಲೆ ಅವನ ಬೆರಳು ಬರೆಯುವ ಸದ್ದು ಬರತೊಡಗಿತು. ನನ್ನ ನಕಲು ಅಷ್ಟು ಬರೋಬ್ಬರಿ ಇತ್ತು ಎಂದು ಇಂದಿಗೂ ನನ್ನ ವಾದ. ಕಾಕಾ ಅಷ್ಟು ಒಳ್ಳೆಯವನಾಗಿದ್ದ ಎಂದು ಅವ್ವ ಹೇಳುತ್ತಿದ್ದಳು.

ಅಪ್ಪ ಗೋಣಿಯ ಗಂಟು ಎತ್ತಿಕೊಂಡು ಹೋದ. ಆ ಸರಪಳಿ ಮುಂದೆ ನಮ್ಮ ಬಾವಿಯ ಕೊಡಕ್ಕೆ ಬಂತು, ನಾನು ಮೀಸೆ ಬರುವವರೆಗೆ ಅದರಲ್ಲೇ ನೀರು ಸೇದಿದೆ. ಗಾಡಿಯವನಿಗೆ ಅಪ್ಪ ಏನು ಹೇಳಿದನೋ ಗೊತ್ತಿಲ್ಲ. ಸಂಜೆ ಅಂಗಡಿ ಮುಚ್ಚಿ ಬಂದವನು ನನ್ನನ್ನು ಹಿತ್ತಲಿಗೆ ಕರೆದ, ಸುತ್ತ ಯಾರೂ ಇಲ್ಲ ಎಂದು ನೋಡಿದ, ಧೋತರದ ಸೊಂಟಕ್ಕೆ ಗಂಟೆ ಸಿಕ್ಕಿಸಿಕೊಂಡ.

“ಹೆಂಗ ನಡೀಬೇಕು, ತೋರ್ಸು. ನಗಬ್ಯಾಡ, ನಕ್ರ ಹಲ್ಲ ಉದುರಸ್ತೀನಿ.”

“ಅಪ್ಪ, ನೀ ಗಿರಾಕಿ ಬಂದಂಗ ಓಡಾಕತ್ತಿ. ಮೂರಕ್ಕ ನಿಂದರು. ನಿಂತು ಕೇಳು.”

“ಏನ್ ಕೇಳ್ಲಿ?”

“ತಮ್ಮ ಅದಾನೋ ಇಲ್ಲೋ, ಅದನ್ನ.”

ಅಪ್ಪ ನಿಂತ, ಕೇಳಿದ. ಬಹಳ ಹೊತ್ತು ಕೇಳಿದ. ಆ ಮನುಷ್ಯ ಅಂಥ ಬೆವರು ಹರಿಸಿ ಏನನ್ನೂ ಕಲಿತದ್ದು ನಾನು ಕಾಣೆ. ಅವನ ನಡಿಗೆ ಕೊನೆಗೂ ಚಿಗವ್ವನದಾಗಲಿಲ್ಲ. ಆದರೆ ಕೆಲವು ದಿನಗಳ ಮೇಲೆ ಕಾಕಾ, “ಇದು ಅಣ್ಣ” ಎಂದು ಗುರುತು ಹಿಡಿದು ಸುಮ್ಮನಾಗತೊಡಗಿದ. ಆಯಿಗೆ, ಅವ್ವನಿಗೆ, ಎಲ್ಲರಿಗೂ ಪಾಳಿ ಬಂತು. ಬಜಾರಿನಲ್ಲಿ ಹೆಸರು ಮಾಡಿದ ಬಟ್ಟೆ ವ್ಯಾಪಾರಿ ಪಾಳಿ ಮುಗಿಸಿದ ಅವಸರದಲ್ಲಿ ಗಂಟೆ ಬಿಚ್ಚುವುದು ಮರೆತು ಅಂಗಡಿಗೆ ಹೋಗಿ ಗಜ ಹಿಡಿದು ನಿಂತದ್ದನ್ನು ನಾನು ಎಷ್ಟು ಮನೆಯ ಕಟ್ಟೆಯ ಮೇಲೆ ಮಾಡಿ ತೋರಿಸಿದ್ದೇನೋ! ಕಾಕಾನಿಗೆ ಗುಣವಾಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಒಳ್ಳೆಯ ತಿಂಗಳು, ಕೆಟ್ಟ ತಿಂಗಳು ಎಂದು ದಿನ ಹೋದವು. ಚಿಗವ್ವ ಮಾತ್ರ ಕಾಲು ಮಾಯ್ದ ಮೇಲೆ ಅಪ್ಪನ ಜೊತೆ ಯಾದಗಿರಿ ತನಕ ಹೋಗಿ, ಅಲ್ಲಿಂದ ಬಳಿಚಕ್ರಕ್ಕೆ ಹೋದಳು. ಎಂಟು ದಿನಕ್ಕೆಂದು ಹೋದವಳು ನಾಲ್ಕನೆಯ ದಿನಕ್ಕೆ ಬಂದಳು. “ಅಲ್ಲಿ ಎಲ್ಲಾರೂ ಬಾಳ ಸುಮ್ಮಗಿರ್ತಾರವ್ವ, ನಿದ್ದಿನ ಬರಲಿಲ್ಲ” ಎಂದಳು. ಆದರೆ ತಂಗಿಯ ಮಗುವಿನ ಹೆಸರು, ಬಣ್ಣ, ಹಟ ಎಲ್ಲವನ್ನೂ ತಿಂಗಳುಗಟ್ಟಲೆ ಹೇಳಿದಳು. ಆ ಮಗುವಿನ ಅಳುವನ್ನು ನನ್ನಿಂದ ಮಾಡಿಸಿ, ಹೀಗಲ್ಲ ಹಾಗೆ ಎಂದು ತಿದ್ದಿದಳು.

ಇನ್ನು ಆ ಮಾತು. ಗಂಟೆ ನಿಂತ ದಿನ ಚಿಗವ್ವ ಸಂಜೆಯ ಬೆಳಕು ಕೆಂಪಾಗುವವರೆಗೂ ನಿದ್ದೆ ಮಾಡಿದಳು. ಎಚ್ಚರವಾದವಳೇ ಸೊಂಟ ಮುಟ್ಟಿ ನೋಡಿಕೊಂಡು ಗಾಬರಿಯಾಗಿ ಗೋಡೆ ಹಿಡಿದು ಎದ್ದಳು. ನಾನು ಅವಳಿಗೆ ಗಂಜಿ ತಂದಿದ್ದೆ. “ಅವರು? ಉಂಡಾರೇನು? ಹೊರಗ ಹೋಗ್ಯಾರೇನು?” ಎಂದು ಕೇಳುತ್ತಲೇ ಇದ್ದಳು. ಉಂಡಿದ್ದಾರೆ, ಇದ್ದಾರೆ ಎಂದರೆ ನಂಬಲಿಲ್ಲ. ನನ್ನ ಮಾತನ್ನು ನಂಬದಿರುವುದು ಮನೆಯಲ್ಲಿ ರೂಢಿಯಾಗಿತ್ತು. ಅದಕ್ಕೆ ನಾನು ಗಂಟಲು ಸರಿಮಾಡಿಕೊಂಡು, ಕಾಕಾ ಪರದೆಯ ಆಚೆಯಿಂದ ಅಂದದ್ದನ್ನು ಅವನ ದನಿಯಲ್ಲೇ ಅಂದೆ:

“ನೀಲಾ, ಎಷ್ಟಂತ ಅಡ್ಡಾಡತಿ? ನಾ ಎಲ್ಲೂ ಹೋಗಂಗಿಲ್ಲ. ಜರಾ ಕುಂದ್ರು.”

ಚಿಗವ್ವ ಗೋಡೆ ಹಿಡಿದೇ ನಿಂತಿದ್ದಳು. ಕತ್ತು ಎಡಕ್ಕೆ ತಿರುಗಿಸಿ ಹೇಳಿದಳು:

“ಅವರ ದನಿ ಇನ್ನೂ ಜರಾ ದಪ್ಪ ಅದ. ಬರೋಬ್ಬರಿ ಮಾಡು.”

ಮಾಡಿದೆ. ಹೆಸರು ಹಿಡಿಯುವಾಗ ಎಳೆಯುತ್ತಾರೆ ಎಂದಳು. ಎಳೆದು ಮಾಡಿದೆ. ಮೂರನೆಯ ಸಲಕ್ಕೆ ದನಿ ಕೂಡಿತು. ಚಿಗವ್ವ ಗೋಡೆ ಬಿಟ್ಟಳು, ನನ್ನ ಕೈಯಿಂದ ಗಂಜಿಯ ಬಟ್ಟಲು ತೆಗೆದುಕೊಂಡಳು, ಕೂತಳು.